ದುಡ್ಡಿನ ಮಾತು ಆಮೇಲೆ ಆಡೋಣ ಬಿಡ್ರಿ

ಈ ಮಾತು ಕೇಳಿದಾಗಲೇ ನಾನು ಎಚ್ಚರ ಆಗಬೇಕಿತ್ತು. ಸ್ವಂತ ದುಡ್ಡಲ್ಲಿ 6 ತತ್ವಪದಗಳ ಆಲ್ಬಂ ಮಾಡುತ್ತಿದ್ದೇನೆ. ಧಾರವಾಡದಲ್ಲಿ ತಬಲಾದವರಿಗೆ ಬರವೇ? ಆದರೆ ರೇಟು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ನೀವು ನಮ್ಮವರೇ ಅಲ್ರಿ, ಏನ್ ಕೊಡ್ತೀರೋ ಕೊಡ್ರಿ."

ನನ್ನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ ಅಂತ, ಗೊತ್ತು ಮಾಡಿದ ತಬಲಾದವರಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಹುಬ್ಬಳ್ಳಿಯ ಸ್ಟುಡಿಯೋಗೆ ಬಂದವರು ತಂದಿದ್ದು ಕಪ್ಪು ಎರಡರ ತಬಲಾ. ಅದನ್ನು ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಇಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು, ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಲೇ ಇತ್ತು, ಇಷ್ಟಾದರೂ ನಾದ ಮಾತ್ರ ಸಡಿಲ. ಆಮೇಲೆ ಕ್ಲಿಕ್ಕಿನ ಗೋಳು, ಅದೇ ರೆಕಾರ್ಡಿಂಗಿನಲ್ಲಿ ಲಯ ತಪ್ಪದಿರಲಿ ಅಂತ ಕಿವಿಗೆ ಬಿಡುವ ಸದ್ದು. ಕಚೇರಿಯಲ್ಲಿ ಹಾಡುವವರ ಬೆನ್ನು ಹಿಡಿದು ಬಾರಿಸಿದ ಕೈ, ಹೆಡ್‌ಫೋನಿನ ಟಿಕ್‌ಟಿಕ್‌ಗೆ ಹೇಗೆ ಕೂತೀತು? ಅದು ಅವರ ತಪ್ಪಲ್ಲ ಬಿಡಿ.

ಸಿಟ್ಟು ಬಂದಿದ್ದು ಲೆಕ್ಕದ ಹೊತ್ತಿಗೆ. ಬೆಳಿಗ್ಗೆ ಹಾಡಿನ ಲೆಕ್ಕ ಅಂದಿದ್ದು ಸಂಜೆಗೆ ಗಂಟೆ ಲೆಕ್ಕ ಆಯಿತು. ತಬಲಾ ಕುಟ್ಟಿದ ಮುಕ್ಕಾಲು ಗಂಟೆಯೂ ಅದರಲ್ಲೇ ಸೇರಿತ್ತು! ಚಿಗರಿ ಬಸ್ಸಿನಲ್ಲಿ ಬಂದು ಕಾರಿನ ಬಾಡಿಗೆ ಬೇರೆ. ಚೌಕಾಸಿಗೆ ಇಳಿದರೆ "ಬೆಂಗಳೂರಾಗ ಇದರ ಡಬಲ್ ಕೊಡ್ತಾರ್ರಿ" ಅಂದರು. ಬೆಳಿಗ್ಗೆ ನಾವು ನಮ್ಮವರೇ ಆಗಿದ್ದೆವು, ಅಲ್ವಾ?

ಕೊಟ್ಟೆ. ಸುಮ್ನೆ ಬಾರಿಸಿ ಅಂತ ನಾನು ಕೇಳಿಲ್ಲ. ಬೇರೆಯವರಿಗೆ ಹಾಡಿ ಆರು ತಿಂಗಳು ದುಡ್ಡಿಗೆ ಕಾದವನು ನಾನೂ ಹೌದು. ಆದರೆ ಮೊದಲೇ ಒಂದು ಅಂಕಿ ಹೇಳೋಕೆ ಏನು ನಾಚಿಕೆ?

ನಾಳೆ ಕೊಳಲಿನವರು ಬರುತ್ತಾರೆ. ರೇಟು ಕೇಳಿದೆ. ನಕ್ಕರು.