ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸುವವರ ಹತ್ತಿರ ಒಂದು ಮಾತು

ಕಳೆದ ಮಾರ್ಚ್‌ನ ಒಂದು ಭಾನುವಾರ. ನಾನು, ತಂಗಿ, ಅವಳ ಆರು ವರ್ಷದ ಮಗ, ಮೂವರೂ ಉಡುಪಿಯಿಂದ ಆಗುಂಬೆಗೆ ಹೊರಟಿದ್ದೆವು. ಸೂರ್ಯಾಸ್ತ ನೋಡಿ, ಕತ್ತಲಾಗುವಾಗ ಘಾಟಿ ಇಳಿದು, ಹೆಬ್ರಿಯ ದೊಡ್ಡಮ್ಮನ ಮನೆಯಲ್ಲಿ ಊಟ ಮಾಡುವುದು ಅಂತ ಮಾತಾಗಿತ್ತು.

ಘಾಟಿಯ ಬುಡದ ಸೋಮೇಶ್ವರ ದಾಟಿ ಐದಾರು ಸುತ್ತು ಹತ್ತಿರಬಹುದು. ನಮ್ಮ ಮುಂದೆ ಒಂದು ಟೆಂಪೋ ಟ್ರಾವೆಲರ್ ಇತ್ತು. ಅದರ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಬ್ರೆಡ್ ತುಂಡು ರಸ್ತೆ ಮಧ್ಯೆ ಬಿತ್ತು. ತಡೆಗೋಡೆ ಮೇಲೆ ಸಾಲಾಗಿ ಕೂತಿದ್ದ ಮಂಗಗಳು ಒಟ್ಟಿಗೆ ಹಾರಿದವು. ಮೇಲಿನಿಂದ ಇಳಿದು ಬರುತ್ತಿದ್ದ ಕಾರಿನವರಿಗೆ ಆ ತಿರುವಿನಲ್ಲಿ ಏನೂ ಕಂಡಿರಲಿಕ್ಕಿಲ್ಲ. ಬ್ರೇಕ್ ಹಾಕಿದ ಸದ್ದು ಕೇಳಿತು, ಅಷ್ಟೆ.

ತಾಯಿ ಮಂಗ ಸತ್ತುಹೋಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಬದುಕಿತ್ತು. ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ, ಮೈತುಂಬ ಇನ್ನೂ ಕಪ್ಪು ಕೂದಲು. ಎರಡೂ ಕೈಯಲ್ಲಿ ತಾಯಿಯ ಎದೆಯ ಕೂದಲು ಹಿಡಿದುಕೊಂಡೇ ಇತ್ತು. ನಾನು ಕಾರಿನಿಂದ ಇಳಿದು ಹತ್ತಿರ ಹೋದೆ. ಹಿಂದೆ ಬೈಕಿನಲ್ಲಿ ಬಂದ ಹಿರಿಯರೊಬ್ಬರು ತಡೆದರು. "ಮುಟ್ಟಬೇಡಿ ಮಾರಾಯ್ರೆ, ಉಣುಗು ಇರ್ತದೆ" ಎಂದರು. ಅವರು ಹೇಳಿದ್ದು ಸರಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಕಾಯಿಲೆ ಮಲೆನಾಡನ್ನು ಇವತ್ತಿಗೂ ಬಿಟ್ಟಿಲ್ಲ. ಅವರೇ ಒಂದು ಉದ್ದ ಕೋಲು ತಂದು ದೇಹವನ್ನು ಮೆಲ್ಲಗೆ ರಸ್ತೆ ಬದಿಗೆ ಸರಿಸಿದರು. ನಾವೆಲ್ಲ ದೂರ ಬಂದ ಮೇಲೆ ಇನ್ನೊಂದು ಹೆಣ್ಣು ಮಂಗ ಇಳಿದು ಬಂದು ಮರಿಯನ್ನು ಎಳೆದು ಅಪ್ಪಿಕೊಂಡು ಮರ ಹತ್ತಿತು.

ಹುಡುಗ ಕಾರಿನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ. "ಮಾಮ, ಅದರ ಕೆನ್ನೆ ಯಾಕೆ ದಪ್ಪ ಆಗಿದೆ?" ಅಂತ ಕೇಳಿದ. ನಾನೂ ಆಗಲೇ ಗಮನಿಸಿದ್ದು. ಸತ್ತ ತಾಯಿಯ ಬಾಯೊಳಗೆ ಬ್ರೆಡ್ ಇನ್ನೂ ಹಾಗೇ ಇತ್ತು.

ಆವತ್ತು ನಾವು ಮೇಲೆ ಹೋಗಲಿಲ್ಲ. ಮುಂದಿನ ಸುತ್ತಿನಲ್ಲಿ ತಿರುಗಿಸಿಕೊಂಡು ಕೆಳಗಿಳಿದೆವು. ಆ ಉಬ್ಬಿದ ಕೆನ್ನೆ ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ನಾನೂ ಹಾಕಿದ್ದೇನೆ. ಚಿಕ್ಕವನಿದ್ದಾಗ ಅಪ್ಪ ಇದೇ ಘಾಟಿಯಲ್ಲಿ ಬಾಡಿಗೆ ಕಾರು ನಿಲ್ಲಿಸುತ್ತಿದ್ದರು. ಅಮ್ಮ ಚೀಲದಿಂದ ಬಾಳೆಹಣ್ಣು ತೆಗೆದು ಕೊಡುತ್ತಿದ್ದರು. ನಾವು ಎಸೆಯುತ್ತಿದ್ದೆವು. ಹನುಮಂತನಿಗೆ ಕೊಟ್ಟಂತೆ ಎಂಬ ಭಾವನೆ. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಆ ಟೆಂಪೋದಲ್ಲಿದ್ದವರಿಗೂ ಇರಲಿಲ್ಲ. ಅದಕ್ಕೇ ಬೈಯಲು ಹೊರಟಿಲ್ಲ. ಆದರೆ ಆ ಪ್ರೀತಿಯಿಂದ ಏನಾಗುತ್ತಿದೆ ಅನ್ನುವುದನ್ನು ನೋಡಲೇಬೇಕಲ್ವಾ?

ಆಗುಂಬೆಗೆ ನಾವು ಹೋಗುವುದಾದರೂ ಯಾಕೆ? ಉಡುಪಿಯಿಂದ 55 ಕಿಲೋಮೀಟರ್ ಆಸುಪಾಸು. ಸಮುದ್ರ ಮಟ್ಟದಿಂದ ಹೊರಟು 14 ಸುತ್ತು ಹತ್ತಿದರೆ 640 ಮೀಟರ್ ಎತ್ತರಕ್ಕೆ ಬಂದಿರುತ್ತೇವೆ. ಕೆಳಗೆ ಬೆವರು, ಮೇಲೆ ತಂಪು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಆಕಾಶ ತಿಳಿಯಾಗಿದ್ದ ಸಂಜೆ ಸೂರ್ಯಾಸ್ತದ ಕಟ್ಟೆ ಮೇಲೆ ನಿಂತರೆ ಹಸಿರು ಗುಡ್ಡಗಳಾಚೆ ಅರಬ್ಬೀ ಸಮುದ್ರ ಕಾಣುತ್ತದೆ. ಈ ರಸ್ತೆಯ ಎರಡೂ ಕಡೆ ಇರುವುದು 1974ರಲ್ಲಿ ಘೋಷಣೆಯಾದ ಸೋಮೇಶ್ವರ ಅಭಯಾರಣ್ಯ. ಸೂರ್ಯ ಮುಳುಗುವ ಹತ್ತು ನಿಮಿಷ ನೋಡಲು ಬರುವ ನಾವು, ಇಪ್ಪತ್ತನಾಲ್ಕು ಗಂಟೆ ಅಲ್ಲೇ ಬದುಕುವವರ ಮನೆಯೊಳಗೆ ಕಾರು ಓಡಿಸುತ್ತಿರುತ್ತೇವೆ.

ಆ ಕೆನ್ನೆಯ ವಿಷಯಕ್ಕೆ ಬರುತ್ತೇನೆ. ತಲೆ ಮೇಲೆ ಬೈತಲೆ ತೆಗೆದಂತೆ ಕೂದಲಿರುವ ನಮ್ಮ ಈ ಮಂಗಕ್ಕೆ ಎರಡೂ ಕೆನ್ನೆಯಲ್ಲಿ ಒಂದೊಂದು ಚೀಲವಿದೆ. ಹಣ್ಣಿನ ಮರ ಸಿಕ್ಕಿದರೆ ಗಬಗಬನೆ ಚೀಲ ತುಂಬಿಸಿಕೊಳ್ಳುತ್ತದೆ. ಆಮೇಲೆ ದೂರ ಹೋಗಿ, ಅಪಾಯವಿಲ್ಲದ ಕಡೆ ಕೂತು, ಒಂದೊಂದೇ ತಿಂದು ಬೀಜ ಉಗುಳುತ್ತದೆ. ನೇರಳೆ, ಹೆಬ್ಬಲಸು. ನಾವು ನಿಂತು ಫೋಟೋ ತೆಗೆಯುವ ಆ ಹಸಿರು ಇದೆಯಲ್ಲ, ಅದರಲ್ಲಿ ಎಷ್ಟೋ ಮರ ಹೀಗೆ ಯಾವುದೋ ಮಂಗ ಉಗುಳಿದ ಬೀಜದಿಂದಲೇ ಬಂದಿರಬೇಕು. ಈಗ ಅದೇ ಚೀಲದಲ್ಲಿ ಬ್ರೆಡ್ಡು, ಕುರ್ಕುರೆ, ಕ್ರೀಮ್ ಬಿಸ್ಕತ್ತು. ಇಡೀ ದಿನ ಕಾಡು ಸುತ್ತಿ ಹುಡುಕುವುದಕ್ಕಿಂತ ಒಂದು ಗಂಟೆ ತಡೆಗೋಡೆ ಮೇಲೆ ಕೂತರೆ ಹೊಟ್ಟೆ ತುಂಬುತ್ತದೆ ಎಂದು ಅದಕ್ಕೆ ಗೊತ್ತಾಗಿದೆ. ಮರಿ ತಾಯಿಯನ್ನು ನೋಡಿ ಕಲಿಯುತ್ತದೆ. ರಸ್ತೆ ಬದಿಯಲ್ಲೇ ಹುಟ್ಟಿ ಬೆಳೆದ ಮರಿಗೆ ಕಾಡಿನಲ್ಲಿ ಯಾವ ಹಣ್ಣು ಯಾವಾಗ ಆಗುತ್ತದೆ ಅಂತ ತೋರಿಸುವವರು ಯಾರು?

"ಮಂಗ ತಾನೆ, ಬೇಕಾದಷ್ಟಿವೆ" ಅನ್ನುತ್ತಾರೆ. ನಮ್ಮ ದೇಶದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಜಾತಿಯ ಮಂಗ ಇಲ್ಲ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈಗ ಇದೂ ಅಪಾಯದ ಸಾಲಿಗೆ ಸೇರಿದೆ. ಎಲ್ಲಾ ಕಡೆ ಕಾಣುತ್ತವೆ ನಿಜ. ಕಾಣುವುದು ರಸ್ತೆಯಲ್ಲಿ, ದೇವಸ್ಥಾನದಲ್ಲಿ, ತೋಟದಲ್ಲಿ.

ಆವತ್ತು ರಾತ್ರಿ ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ನಡೆದದ್ದನ್ನು ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಾಪ ಮಗಾ. ಆದರೆ ನನಗೆ ಅಳು ಬರುವುದಿಲ್ಲ ನೋಡು" ಎಂದರು. ಅವರ ಮಾತನ್ನು ನಾನು ತಪ್ಪು ಅನ್ನಲಾರೆ. ಮನೆ ಹಿಂದೆ ಹದಿನೆಂಟು ತೆಂಗಿನ ಮರ ಇದೆ. ಮೂರು ವರ್ಷದಿಂದ ಮನೆಗೆ ಬೇಕಾದ ತೆಂಗಿನಕಾಯಿಯನ್ನು ಅಂಗಡಿಯಿಂದ ತರುತ್ತಿದ್ದಾರೆ. ಮಂಗಗಳು ಸೀಯಾಳವನ್ನು ತಿರುಚಿ ಕಿತ್ತು, ಒಂದು ತೂತು ಮಾಡಿ, ಎರಡು ಗುಟುಕು ಕುಡಿದು ಕೆಳಗೆ ಬಿಸಾಡುತ್ತವೆ. ಬಾಳೆಗೊನೆ ಒಂದೂ ಹಣ್ಣಾಗುವವರೆಗೆ ಉಳಿಯುವುದಿಲ್ಲ. ಮಾಡಿನ ಹೆಂಚು ಸರಿಮಾಡಿಸಿ ಸಾಕಾಗಿ ಈಗ ಶೀಟು ಹಾಕಿಸಿದ್ದಾರೆ. ದೊಡ್ಡಪ್ಪ ಗರ್ನಾಲು ಸಿಡಿಸುತ್ತಾರೆ. ಎರಡು ದಿನ ಹೆದರುತ್ತವೆ, ಮೂರನೇ ದಿನ ಸದ್ದಿಗೆ ತಲೆಯನ್ನೂ ಎತ್ತುವುದಿಲ್ಲ. 2019ರಲ್ಲಿ ತೀರ್ಥಹಳ್ಳಿ ಸೀಮೆಯ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಓದಿದವರು ನಕ್ಕರು. ಆ ರೈತರಿಗೆ ಎಷ್ಟು ಬೇಸರ ಬಂದಿರಬೇಕು ಎಂದು ನಮ್ಮ ಕಡೆಯವರಿಗೆ ಗೊತ್ತು.

ನಾವು ಘಾಟಿಯಲ್ಲಿ ಎಸೆಯುವ ಬ್ರೆಡ್ಡಿಗೂ ದೊಡ್ಡಮ್ಮನ ಸೀಯಾಳಕ್ಕೂ ನೇರ ಸಂಬಂಧ ಇದೆ ಅನ್ನುವುದು ನನ್ನ ವಾದ. ಮನುಷ್ಯರೆಂದರೆ ಊಟ ಎಂದು ಕಲಿಸಿದವರು ನಾವು. ಭಾನುವಾರ ಪಾಠ ಹೇಳಿ ಬೆಂಗಳೂರಿಗೆ, ಮಣಿಪಾಲಕ್ಕೆ ವಾಪಸ್ ಹೋಗುತ್ತೇವೆ. ಸೋಮವಾರದಿಂದ ಶನಿವಾರದವರೆಗೆ ಆ ಮಂಗಗಳಿಗೆ ಊಟ ಹಾಕುವುದು ಹೆಬ್ರಿಯ, ಸೋಮೇಶ್ವರದ ಬಡ ತೋಟದವರು. ಪೂರ್ತಿ ತಪ್ಪು ಇದೊಂದೇ ಅಲ್ಲ, ಒಪ್ಪುತ್ತೇನೆ. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಗೋಳಿ, ಹಲಸು, ಮಾವು ಎಲ್ಲ ಹೋದವು. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ಘಾಟಿಯಲ್ಲಿ ತಂದು ಬಿಡುವವರೂ ಇದ್ದಾರೆ. ಆದರೆ ಮರ ಬೆಳೆಸಲು ಇಪ್ಪತ್ತು ವರ್ಷ ಬೇಕು. ಬಾಳೆಹಣ್ಣಿನ ಚೀಲ ಡಿಕ್ಕಿಯೊಳಗೆ ಇಡಲು ಒಂದು ನಿಮಿಷ ಸಾಕು.

ಪೇಟೆಯ ಕಥೆಯೂ ಬೇರೆಯಲ್ಲ. ಮಣಿಪಾಲದಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ನವಿಲಿನ ಕೂಗು. ಎಂಡ್ ಪಾಯಿಂಟ್‌ನಿಂದ ಕೆಳಗೆ ಸ್ವರ್ಣಾ ನದಿ ಬಳಸಿಕೊಂಡು ಹೋಗುವುದನ್ನು ನೋಡುತ್ತಾ ಕೂತರೆ, ತಲೆ ಮೇಲೆ ಮಂಗಟ್ಟೆ ಹಕ್ಕಿ ಹಾರಿಹೋದರೂ ಆಶ್ಚರ್ಯವಿಲ್ಲ. ಇಷ್ಟು ಚಂದದ ಊರು ಎಷ್ಟು ಜನರಿಗೆ ಸಿಗುತ್ತದೆ? ಅದೇ ಊರಿನ ಸುತ್ತಮುತ್ತ ಚಿರತೆ ಕಂಡ ಸುದ್ದಿಯೂ ಆಗಾಗ ಬರುತ್ತದೆ. ಆಗ ಎಲ್ಲರೂ ಬೋನು ಇಡಿ ಅನ್ನುತ್ತಾರೆ. ಖಾಲಿ ಸೈಟಿನಲ್ಲಿ ಕೋಳಿ ಅಂಗಡಿಯ ಕಸ ಸುರಿದರೆ ಬೀದಿನಾಯಿ ಬರುತ್ತದೆ, ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ನಾಯಿಯ ಬೆನ್ನು ಹತ್ತಿ ಓಡುವಾಗ ಕಟ್ಟೆಯಿಲ್ಲದ ಬಾವಿಗೆ ಬೀಳುತ್ತದೆ. 2023ರಲ್ಲಿ ಮೂಡುಬಿದಿರೆ ಹತ್ತಿರದ ನಿಡ್ಡೋಡಿಯಲ್ಲಿ ಬಾವಿಗೆ ಬಿದ್ದ ಚಿರತೆಯನ್ನು ಎತ್ತಲು ಪಶುವೈದ್ಯೆಯೊಬ್ಬರು ತಾವೇ ಬೋನಿನೊಳಗೆ ಕೂತು ಬಾವಿಗೆ ಇಳಿದರು. ಅಲ್ಲಿಂದಲೇ ಅರಿವಳಿಕೆ ಕೊಟ್ಟು, ಚಿರತೆಯನ್ನು ಮೇಲೆ ತಂದರು. ಅಂಥವರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ ಎಂದು ನೆನೆದಾಗ ಎದೆ ತುಂಬಿ ಬರುತ್ತದೆ. ಅವರ ಜೀವ ಪಣಕ್ಕಿಡದ ಹಾಗೆ ನಮ್ಮ ಬಾವಿಗಳಿಗೆ ಒಂದು ಬಲೆಯಾದರೂ ಹಾಕಿಸಬಾರದೇ?

ನನಗೆ ಹೆಚ್ಚು ಭಯ ಇರುವುದು ಇನ್ನೊಂದು ಜಾತಿಯ ಮಂಗ, ಸಿಂಗಳೀಕದ ಬಗ್ಗೆ. ಸೋಮೇಶ್ವರದ ಕಾಡಿನಲ್ಲಿ ಅವೂ ಇವೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಮರದ ತುದಿಯಲ್ಲೇ ಜೀವನ ಮಾಡುವ, ನೆಲಕ್ಕೆ ಇಳಿಯಲು ಹಿಂದೆಮುಂದೆ ನೋಡುವ ಪ್ರಾಣಿ ಅದು. ತಮಿಳುನಾಡಿನ ವಾಲ್ಪಾರೈಯಲ್ಲಿ ಟೀ ತೋಟಗಳ ನಡುವೆ ಕಾಡು ತುಂಡಾಗಿ, ಅವು ರಸ್ತೆಗೆ, ಮನೆಗಳ ಅಡುಗೆಕೋಣೆಗೆ ಬರಲು ಶುರುಮಾಡಿದವು. ವಾಹನಕ್ಕೆ ಸಿಕ್ಕಿ ಸತ್ತವು. ಕೊನೆಗೆ ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿ, ಜನರನ್ನು ಕಾವಲಿಗೆ ನಿಲ್ಲಿಸಬೇಕಾಯಿತು. ನಮ್ಮ ಘಾಟಿಯ ತಡೆಗೋಡೆ ಮೇಲೆ ಸಿಂಗಳೀಕ ಕೂತು ಕೈ ಚಾಚುವ ದಿನ ನನಗೆ ನೋಡಲಿಕ್ಕೆ ಬೇಡ.

ಪುಣ್ಯ ಬೇಕು ಅನ್ನುವವರಿಗೆ ಅಮ್ಮ ಹೇಳಿದ ಮಾತನ್ನೇ ಹೇಳುತ್ತೇನೆ. ಈ ಘಟನೆ ಕೇಳಿದ ಮೇಲೆ ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಆ ಬಾಳೆಹಣ್ಣಿನ ದುಡ್ಡಿಗೆ ಒಂದು ನೇರಳೆ ಗಿಡ ತಂದು ದೊಡ್ಡಮ್ಮನ ಗುಡ್ಡೆಯಲ್ಲಿ ನೆಡುವಾ" ಎಂದರು. ಈ ಮಳೆಗಾಲದಲ್ಲಿ ನಾಲ್ಕು ನೇರಳೆ, ಎರಡು ಹೆಬ್ಬಲಸು ನೆಟ್ಟಿದ್ದೇವೆ. ಐದು ಹಿಡಿದಿವೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಐದಾರು ಜನ ಸೋಮೇಶ್ವರದಿಂದ ಮೇಲಕ್ಕೆ ಹೊರಡುತ್ತಿದ್ದೇವೆ. ಗೋಣಿಚೀಲ ಹಿಡಿದು ರಸ್ತೆ ಬದಿಯ ಪ್ಲಾಸ್ಟಿಕ್ ಹೆಕ್ಕುವುದು, ಸುತ್ತುಗಳಲ್ಲಿ ನಿಂತು ಕಾರಿನವರ ಹತ್ತಿರ ಸಮಾಧಾನವಾಗಿ ಮಾತಾಡುವುದು. ಅರಣ್ಯ ಇಲಾಖೆಯವರಿಗೆ ತಿಳಿಸಿದ್ದೇವೆ. ಹುಡುಗನೂ ಬರುತ್ತಾನಂತೆ. ಡ್ರಾಯಿಂಗ್ ಹಾಳೆಯಲ್ಲಿ ಕೆನ್ನೆ ಉಬ್ಬಿದ ಒಂದು ಮಂಗನ ಚಿತ್ರ ಬರೆದು, ಕೆಳಗೆ "ನನಗೆ ನೇರಳೆ ಇದೆ" ಎಂದು ಬರೆದಿಟ್ಟಿದ್ದಾನೆ. ಬರುವವರು ಇನ್‌ಬಾಕ್ಸ್ ಮಾಡಿ. ಕೈಗವಸು ತನ್ನಿ. ಗಂಜಿ ಊಟ ದೊಡ್ಡಮ್ಮನ ಮನೆಯಲ್ಲಿ.