ಲೆಕ್ಕವೂ ಬೇಕು, ಕೈಯೂ ಪಳಗಬೇಕು

ಎಂಜಿನಿಯರಿಂಗ್‌ನಲ್ಲಿ ಪರೀಕ್ಷೆ, ಗ್ರೇಡು ಎರಡೂ ಬೇಡ, ಕೆಲಸ ಬಂದರೆ ಸಾಕು ಎಂದು ವಾದಿಸುವ ಲೇಖನವೊಂದನ್ನು ಓದಿದೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹುಬ್ಬಳ್ಳಿಯಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುವ ಸಿವಿಲ್ ಎಂಜಿನಿಯರ್ ನಾನು.

ಹೋದ ವರ್ಷ ನಮ್ಮಲ್ಲಿಗೆ ಒಬ್ಬ ಹುಡುಗ ಸೇರಿದ. ಒಳ್ಳೆ ಗ್ರೇಡ್ ತಂದವನು. ಎಂ20 ಕಾಂಕ್ರೀಟ್ ಅಂದರೇನು ಎಂದು ಕೇಳಿದೆ. 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಬಲ ಎಂದು ಪಟ್ಟನೆ ಹೇಳಿದ. ಆದರೆ ಕ್ಯೂಬ್ ಹಾಕು, ಅಂದರೆ ಬಲ ಪರೀಕ್ಷಿಸಲು ಕಾಂಕ್ರೀಟನ್ನು ಅಚ್ಚಿಗೆ ತುಂಬಿ ಘನಾಕಾರದ ಗಟ್ಟಿ ಮಾಡು ಅಂದಾಗ, ಅಚ್ಚಿಗೆ ಮೊದಲು ಎಣ್ಣೆ ಸವರಬೇಕು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಗೌಂಡಿ ಮಿಕ್ಸರಿಗೆ ಎರಡು ಬಕೆಟ್ ನೀರು ಜಾಸ್ತಿ ಸುರಿದ. ಇವನು ಸುಮ್ನೆ ನೋಡುತ್ತ ನಿಂತಿದ್ದ. ನೀರು ಜಾಸ್ತಿಯಾದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆದು ಪಾಸಾದವನೇ ಅಲ್ವಾ ಅವನು?

ಹಾಗಂತ ಪರೀಕ್ಷೆಯೇ ಬೇಡ ಅನ್ನಲಾರೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದನ್ನು ನಾವಿಲ್ಲಿ ಯಾರೂ ಮರೆತಿಲ್ಲ. ಒಂದು ಕಂಬ ಎಷ್ಟು ಭಾರ ಹೊರುತ್ತದೆ ಎಂಬ ಲೆಕ್ಕ ಬರದವರ ಕೈಗೆ ನಕ್ಷೆ ಕೊಡಲೇಬಾರದು. ಲೆಕ್ಕ ಬರುತ್ತದೋ ಇಲ್ಲವೋ ಎಂದು ತಿಳಿಯಲು ಪರೀಕ್ಷೆ ಬೇಕೇ ಬೇಕು.

ನನ್ನ ತಕರಾರು ಲ್ಯಾಬ್ ಮತ್ತು ವೈವಾ (ಮೌಖಿಕ ಪರೀಕ್ಷೆ) ಅಂಕಗಳ ಮೇಲೆ. ನಾನು ಓದುವಾಗ ಅವನ್ನು ಎಲ್ಲರಿಗೂ ಹಂಚಿಬಿಡುತ್ತಿದ್ದರು. ಹಾಗೆ ಮಾಡಬೇಡಿ. ವಿದ್ಯಾರ್ಥಿ ತಾನೇ ಕ್ಯೂಬ್ ಹಾಕಲಿ, ನೀರಲ್ಲಿಟ್ಟು ಕಾಯಲಿ, ಏಳನೇ ದಿನ ತಾನೇ ಒಡೆದು ನೋಡಲಿ. ಆಮೇಲೆ ಅಂಕ ಕೊಡಿ.