ಬೆಲ್ ಬಾಟಮ್ಮಿನ ಗುಟ್ಟು ಮಂಡಿಯಲ್ಲಿದೆ

ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಕುಡಿದು ಮಲಗಿದ್ದ ಎಪ್ಪತ್ತರ ದಶಕದ ಪ್ಯಾಂಟುಗಳಿಗೆ ಮತ್ತೆ ಯೋಗ ಕೂಡಿಬಂದಂತಿದೆ. ಕಾಲೇಜು ಹುಡುಗರ ಅಗಲ ಕಾಲಿನ ಜೀನ್ಸ್ ನೋಡಿ ಮನೆಯ ಹಿರಿಯರು, "ಇದೇನು ಮಹಾ, ನಮ್ಮ ಬೆಲ್ ಬಾಟಮ್ ತಾನೇ!" ಅನ್ನುತ್ತಿದ್ದಾರೆ. ಅಲ್ಲ ಸ್ವಾಮಿ. ಈಗಿನದು ಸೊಂಟದಿಂದಲೇ ಜೋಲುವ ಜಾತಿ. ಬೆಲ್ ಬಾಟಮ್ಮಿಗೆ ತೊಡೆ ಬಿಗಿಯಿರಬೇಕು, ಮಂಡಿಯ ಸುತ್ತಳತೆ 17–18 ಇಂಚು ದಾಟಬಾರದು. ಅಲ್ಲಿಂದ ಕೆಳಗೆ ಅಗಲವಾಗುತ್ತ ಅಂಚಿನ ಸುತ್ತಳತೆ, ಅಂದರೆ ಬಾಟಮ್, 24, 26, ಮನೆಯಲ್ಲಿ ಬೈಯುವವರಿಲ್ಲದಿದ್ದರೆ 28. ಮಂಡಿಯನ್ನೂ 22ಕ್ಕೆ ಬಿಟ್ಟರೆ ಅದು ಪ್ಯಾರಲಲ್. ಎರಡನ್ನೂ ಒಂದೇ ಅಂದರೆ ಹಳೆಯ ಟೈಲರುಗಳು ಟೇಪು ಕೊರಳಿಂದ ತೆಗೆದು ಕೆಳಗಿಡುತ್ತಾರೆ.

28ರ ಬಾಟಮ್ ಕೇಳುವುದು ಸುಲಭ, ಬಟ್ಟೆಯಲ್ಲಿ ಕೂರಿಸುವುದು ಕಷ್ಟ. 58 ಇಂಚು ಪನ್ನದ (ಅಗಲದ) ಪ್ಯಾಂಟ್ ಪೀಸನ್ನು ಮಡಚಿದರೆ ಸಿಗುವುದು 29. ಮುಂಭಾಗಕ್ಕೆ 14, ಹಿಂಭಾಗಕ್ಕೆ 14, ಹೊಲಿಗೆಗೆ ಬಿಡುವುದು ಇನ್ನೊಂದು ಮೂರು, ಒಟ್ಟು 31. ಎರಡಿಂಚು ಎಲ್ಲಿಂದ ತರುವುದು? ಹಿಂಭಾಗವನ್ನು ತಲೆಕೆಳಗಾಗಿಟ್ಟು ಕತ್ತರಿಸಿದರೆ ಒಂದರ ಅಗಲ ಬಾಟಮ್ಮಿನ ಪಕ್ಕಕ್ಕೆ ಇನ್ನೊಂದರ ಕಿರಿದಾದ ಸೊಂಟ ಬಂದು ಕೂರುತ್ತದೆ. ಟೆರಿಕಾಟ್ ಆದರೆ ಯಾರಿಗೂ ಗೊತ್ತಾಗದು. ಉಬ್ಬುಗೆರೆಯ ಕಾರ್ಡುರಾಯ್ ಆದರೆ ಕೆಟ್ಟಿತು: ಅದರ ಜುಂಗು ಒಂದೇ ದಿಕ್ಕಿಗೆ ಮಲಗುವುದರಿಂದ ಮುಂದಿನಿಂದ ನೋಡಿದರೆ ಒಂದು ಬಣ್ಣ, ಹಿಂದಿನಿಂದ ನೋಡಿದರೆ ಇನ್ನೊಂದು. ಕಾರ್ಡುರಾಯ್‌ಗೆ ಬಟ್ಟೆಯನ್ನೇ ಹೆಚ್ಚು ತರಬೇಕು.

ಉದ್ದವೂ ತಕರಾರಿನದೇ. ದಪ್ಪ ಹಿಮ್ಮಡಿಯ ಶೂ ಹಾಕಿ ಅಳತೆ ಕೊಟ್ಟು, ಹವಾಯಿ ಚಪ್ಪಲಿಯಲ್ಲಿ ಪೇಟೆಗೆ ಹೊರಟರೆ ಪ್ಯಾಂಟು ಬೀದಿ ಗುಡಿಸುತ್ತದೆ. ಹಿಂದಿನ ಅಂಚು ತಿಂಗಳೊಪ್ಪತ್ತಿನಲ್ಲಿ ನೂಲು ನೂಲಾಗುತ್ತದೆ. ಅದಕ್ಕೆಂದೇ ಆಗ ಅಂಚಿನ ಒಳಗೆ ಹಿತ್ತಾಳೆ ಝಿಪ್ಪಿನ ಒಂದು ಪಟ್ಟಿಯನ್ನು, ಹಲ್ಲಷ್ಟೇ ಹೊರಗೆ ಇಣುಕುವಂತೆ ಸೇರಿಸಿ ಹೊಲಿಯುತ್ತಿದ್ದರು. ಬಟ್ಟೆಯ ಬದಲು ಲೋಹ ಸವೆಯಲಿ ಎಂಬ ಲೆಕ್ಕ. ಸಿಮೆಂಟು ನೆಲದ ಮೇಲೆ ಕರಕರ ಸದ್ದು ಪುಕ್ಕಟೆ. ರಾತ್ರಿ ತಡವಾಗಿ ಮನೆ ಸೇರುವವರಿಗೆ ಮಾತ್ರ ಅದು ಅನುಕೂಲವಲ್ಲ.

ಈಗ ಟ್ರಂಕಿನಿಂದ ತೆಗೆಯುವ ವಿಚಾರ. ಟೆರಿಕಾಟ್ 67 ಪಾಲು ಪಾಲಿಯೆಸ್ಟರು, 33 ಪಾಲು ಹತ್ತಿ. ಬಟ್ಟೆಗೆ ಅಷ್ಟು ಸುಲಭಕ್ಕೆ ಸಾವಿಲ್ಲ. ಮೊದಲು ಸೋಲುವುದು ನಮ್ಮ ಸೊಂಟ. ಹಿಂದಿನ ಮಧ್ಯದ ಹೊಲಿಗೆಯನ್ನು ಬಿಚ್ಚಿ ನೋಡಿ. ಊರ ಟೈಲರ್ ಹೊಲಿದದ್ದಾದರೆ ಎರಡೂ ಬದಿ ಒಂದೊಂದು ಇಂಚು, ಕೆಲವೊಮ್ಮೆ ಒಂದೂವರೆ, ಒಳಗೆ ಬಿಟ್ಟಿರುತ್ತಾನೆ. ಎರಡರಿಂದ ಮೂರು ಇಂಚು ಸಿಕ್ಕೀತು. ಸೊಂಟ ಏರಿರುವುದು ಎಂಟು ಇಂಚಾದರೆ ಪ್ಯಾಂಟನ್ನು ಮಗನಿಗೆ ಕೊಟ್ಟುಬಿಡುವುದು ಲೇಸು. ಒಳಗಿದ್ದ ಬಟ್ಟೆ ಬಿಸಿಲು ಕಂಡಿಲ್ಲ, ಹಾಗಾಗಿ ಬಿಚ್ಚಿದ ಕಡೆ ಎರಡು ಗಾಢ ಪಟ್ಟಿ ಕಾಣುತ್ತದೆ. ಶರ್ಟನ್ನು ಹೊರಗೆ ಬಿಡಿ, ಮುಗಿಯಿತು. ಇಸ್ತ್ರಿಯನ್ನು ಒಳಮೈಯಿಂದ, ಒದ್ದೆ ಬಟ್ಟೆ ಹಾಸಿ, ಹದ ಬಿಸಿಯಲ್ಲಿ ಮಾಡಿ. ನೇರವಾಗಿ ಒತ್ತಿದರೆ ಪಾಲಿಯೆಸ್ಟರು ಹೊಳೆಯಲು ಶುರು, ಆ ಹೊಳಪು ಮತ್ತೆ ಹೋಗುವುದಿಲ್ಲ.

ಇರುವ ನ್ಯಾರೋ ಪ್ಯಾಂಟನ್ನೇ ಬೆಲ್ ಮಾಡುವವರೂ ಇದ್ದಾರೆ. ಮಂಡಿಯಿಂದ ಕೆಳಗೆ ಹೊಲಿಗೆ ಬಿಚ್ಚಿ ತ್ರಿಕೋನದ ತುಂಡು ಸೇರಿಸಬೇಕು. ಬಾಟಮ್ 16 ಇದ್ದದ್ದು 24 ಆಗಲು ಎಂಟು ಇಂಚು ಬೇಕಲ್ಲ, ಅದನ್ನು ಹೊರಗಿನ ಹೊಲಿಗೆಯೊಂದಕ್ಕೇ ತುರುಕಿದರೆ ಪ್ಯಾಂಟು ಪಕ್ಕಕ್ಕೆ ವಾಲುತ್ತದೆ. ಹೊರಗೆ ನಾಲ್ಕು, ಒಳಗೆ ನಾಲ್ಕು ಹಂಚಿ. ಅದೇ ಬಣ್ಣದ ತುಂಡು ಹುಡುಕಿ ಸುಸ್ತಾಗುವ ಬದಲು ಬೇರೆಯದೇ ಬಣ್ಣ ಹಾಕಿಸಿ, ಕೇಳಿದವರಿಗೆ ಡಿಸೈನು ಅನ್ನಿ.

ತೊಟ್ಟ ಮೇಲೆ ಫೋನಿನ ಪ್ರಶ್ನೆ. ಸೊಂಟಪಟ್ಟಿಯ ಕೆಳಗಿನ ಕಳ್ಳಜೇಬು ಚಿಲ್ಲರೆಗೆ ಮಾಡಿದ್ದು. ಬಿಗಿ ತೊಡೆಯ ಪಕ್ಕದ ಜೇಬಿಗೆ ಆರಿಂಚಿನ ಫೋನು ತುರುಕಿದರೆ ಕೂರುವ ಮೊದಲು ಅದನ್ನು ತೆಗೆಯಬೇಕು, ಇಲ್ಲವೇ ನಿಂತೇ ಇರಬೇಕು.

ಗಾಡಿಯ ವಿಷಯಕ್ಕೆ ಬಂದರೆ, ಸೈಕಲ್ಲಿನವರು ಚೈನಿರುವ ಬಲಗಾಲನ್ನು ಮಡಚಿ ಕ್ಲಿಪ್ಪು ಹಾಕಿದರೆ ಸಾಕಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನದು ಬೇರೆ ಕತೆ. ಅದರಲ್ಲಿ ಕಿಕ್ಕರೂ ಗೇರೂ ಎಡಗಡೆಯ ಒಂದೇ ಲಿವರು. 28ರ ಬಾಟಮ್ ಅದಕ್ಕೆ ಸಿಕ್ಕಿಕೊಂಡರೆ ಗಾಡಿ ನಿಂತಾಗ ಎಡಗಾಲು ನೆಲಕ್ಕೆ ಬರುವುದಿಲ್ಲ, ಸವಾರನೇ ಬರುತ್ತಾನೆ. ಈಗ ಯೆಜ್ಡಿಯ ಜಾಗಕ್ಕೆ ಮಾಲಿನ ಎಸ್ಕಲೇಟರ್ ಬಂದಿದೆ. ಅಂಚು ಬದಿಯ ಸಂದಿಗೆ ಹೋಗದಂತೆ ಮೆಟ್ಟಿಲ ನಡುವೆ ನಿಲ್ಲಿ, ಇಳಿಯುವ ಮೊದಲು ಎರಡೂ ಕಾಲನ್ನು ಲುಂಗಿ ಎತ್ತಿದಂತೆ ಒಂದಿಷ್ಟು ಎತ್ತಿಕೊಳ್ಳಿ. ಝಿಪ್ಪು ಹೊಲಿಸಿದ್ದರೆ ಎಸ್ಕಲೇಟರ್ ಬಿಟ್ಟು ಮಾಮೂಲಿ ಮೆಟ್ಟಿಲೇ ಹತ್ತಿ.